ಅರ್ಧ ಟ್ಯಾಂಕಿನ ದಾರಿ

ಟ್ಯಾಂಕ್ ಅರ್ಧಕ್ಕೆ ಬಂದರೆ ತಿರುಗಬೇಕು. ದಕ್ಷಿಣ ಧ್ರುವದ ಹಿಮದ ಮೇಲೆ ಗಾಡಿ ಓಡಿಸುವವರಿಗೆ ಇದಕ್ಕಿಂತ ದೊಡ್ಡ ನಿಯಮ ಇರಲಿಲ್ಲ. ಅಲ್ಲಿ ರಸ್ತೆಯಿಲ್ಲ, ಪೆಟ್ರೋಲ್ ಬಂಕಿಲ್ಲ, ಎದುರಿಗೆ ಬರುವ ಇನ್ನೊಂದು ಗಾಡಿಯಿಲ್ಲ. ಎಷ್ಟು ದೂರ ಹೋದರೋ ಅಷ್ಟೇ ದೂರ ವಾಪಸು ಬರಬೇಕು. ಮುಳ್ಳು ಅರ್ಧ ಮುಟ್ಟಿತೆಂದರೆ ಮುಂದೆ ಏನೇ ಇರಲಿ, ಗಾಡಿಯ ಮೂತಿಯನ್ನು ಬಂದ ದಾರಿಗೆ ತಿರುಗಿಸುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಯಾರೂ ಬಾ ಎಂದು ಕರೆಯಬೇಕಾಗಿಯೂ ಇರಲಿಲ್ಲ.

ನೀಲಗಂಗಾ ಹಾಗೆ ಮೂರು ಸಲ ತಿರುಗಿ ಬಂದವಳು. ಅಲ್ಲಿನ ಬೇಸಿಗೆಯೆಂದರೆ ನಮ್ಮ ಚಳಿಗಾಲ. ಪ್ರತಿವರ್ಷ ದೀಪಾವಳಿ ಮುಗಿಯುತ್ತಲೇ ಹೊರಟು, ಶಿವರಾತ್ರಿಯ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಅವಳು ಹೋಗಬೇಕಾಗಿದ್ದದ್ದು ಒಂದು ಕೆರೆಗೆ. ಮೂರು ಕಿಲೋಮೀಟರ್ ದಪ್ಪದ ಹಿಮದ ಅಡಿಯಲ್ಲಿ ಹೆಪ್ಪುಗಟ್ಟದೆ ಉಳಿದುಕೊಂಡ ಕೆರೆ ಅದು. ಅದರ ನೆತ್ತಿಯ ಮೇಲೆ ಸದ್ದು ಹಿಡಿಯುವ ಯಂತ್ರವೊಂದನ್ನು ನೆಟ್ಟು ಬರಬೇಕು. ಆ ನೀರು ಏನು ಸದ್ದು ಮಾಡುತ್ತದೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಮೂರು ಸಲವೂ ಕೆರೆ ಎರಡು ಹಗಲ ದಾರಿಯಷ್ಟು ದೂರವಿರುವಾಗ ಮುಳ್ಳು ಅರ್ಧಕ್ಕೆ ಬಂದಿತ್ತು.

ಹುಬ್ಬಳ್ಳಿಯ ಹಳೆ ಹತ್ತಿ ಗಿರಣಿಯ ಕಟ್ಟಡದಲ್ಲಿದ್ದ ಹಿಮ ಸಮೀಕ್ಷಾ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಕೂತು, ಪರದೆಯ ಮೇಲಿನ ಚುಕ್ಕೆ ತಿರುಗುವುದನ್ನು ಮೂರು ಸಲವೂ ನೋಡಿದವನು ಅವಳ ಗಂಡ ಸಂಗಮನಾಥ. ಚುಕ್ಕೆ ತಿರುಗಿದೊಡನೆ ಅವನು ಎದ್ದು ಹೋಗಿ ಒಂದು ಚಹಾ ಕುಡಿದು ಬರುತ್ತಿದ್ದ. ಬಂದೇ ಬರುತ್ತಾಳೆ ಎಂದು ಖಾತ್ರಿಯಾದಾಗ ಕುಡಿಯುವ ಆ ಚಹಾದ ರುಚಿಯನ್ನು ಅವನು ಯಾರಿಗೂ ಹೇಳಿದವನಲ್ಲ.

ಮೂರನೆಯ ಸಲ ಬಂದಾಗ ನೀಲಗಂಗಾ ಊಟಕ್ಕೆ ಕೂತವಳು ಕೈ ನಿಲ್ಲಿಸಿ ಅಂದಿದ್ದಳು:

"ಎದುರಿಗೇ ಇತ್ರಿ. ಎಲ್ಲಾ ಬೆಳ್ಳಗ ಇರತೈತಿ, ಏನೂ ಕಾಣಸೂದಿಲ್ಲ. ಆದ್ರೂ ಅಲ್ಲೇ ಐತಿ ಅಂತ ಗೊತ್ತಾಗ್ತಿತ್ತು."

ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಎಂಜಿನ್ ಉಗುಳುವ ಹೊಗೆಯನ್ನು ಆಕಾಶಕ್ಕೆ ಬಿಡದೆ ಹಿಡಿದಿಟ್ಟುಕೊಂಡರೆ ಏನಾಗುತ್ತದೆ? ಈ ಒಂದು ಪ್ರಶ್ನೆಯಿಂದ ಅವನು ಶುರು ಮಾಡಿದ. ಹೊಗೆಯಲ್ಲಿನ ಇಂಗಾಲದ ಅನಿಲವನ್ನು ಒಂದು ಬಗೆಯ ಪುಡಿ ಹೀರಿಟ್ಟುಕೊಳ್ಳುತ್ತದೆ. ಗಾಡಿ ನಿಂತಾಗ ಮೈಮೇಲಿನ ಕಪ್ಪು ಸೌರಹಾಳೆಗಳು ಬಿಚ್ಚಿಕೊಂಡು ಬಿಸಿಲು ಕುಡಿಯುತ್ತವೆ. ಆ ವಿದ್ಯುತ್ತು, ಹಿಮ ಕರಗಿಸಿದ ನೀರನ್ನು ಒಡೆದು ಜಲಜನಕ ಕೊಡುತ್ತದೆ. ಎರಡನ್ನೂ ಬಿಸಿ ಕೊಳವೆಯಲ್ಲಿ ಕೂಡಿಸಿದರೆ ಮತ್ತೆ ಮೆಥನಾಲ್, ಅಂದರೆ ಗಾಡಿಯ ಇಂಧನವೇ, ಹನಿಹನಿಯಾಗಿ ಟ್ಯಾಂಕಿಗೆ ಇಳಿಯುತ್ತದೆ. ನಾಲ್ಕೈದು ದಿನ ಓಡಿದ್ದಕ್ಕೆ ಮೂರು ದಿನ ನಿಲ್ಲಬೇಕು, ಅಷ್ಟೆ. ಆದರೆ ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ನಿಲ್ಲುವ ತಾಳ್ಮೆಯಿದ್ದವರಿಗೆ ದೂರದ ಮಿತಿಯೇ ಇಲ್ಲ.

ಗಾಡಿಗೆ ಮೊದಲಿನಿಂದಲೂ ಎಮ್ಮೆ ಎಂದೇ ಹೆಸರು. ಕಪ್ಪಗೆ, ನಿಧಾನಕ್ಕೆ, ಯಾರು ಹಾರ್ನ್ ಹೊಡೆದರೂ ಲೆಕ್ಕಿಸದ ಹಾಗಿತ್ತು. ಹೊಸ ಯಂತ್ರವನ್ನು ನೋಡಿದ ದಿನ ನೀಲಗಂಗಾ ಅದಕ್ಕೂ ಹೆಸರಿಟ್ಟಳು.

"ತಿಂದದ್ದ ಮತ್ತ ತಿಂತೈತಿ. ಮೆಲುಕು ಅನ್ರಿ ಇದಕ್ಕ."

ಮೆಲುಕು ಇಡಲು ಜಾಗ ಬೇಕಿತ್ತು. ಚಾಲಕರ ಕೋಣೆಯಲ್ಲಿ ಮೊದಲು ಎರಡು ಸೀಟು ಇರುತ್ತಿದ್ದವು. ಇಬ್ಬರು ಸರದಿಯ ಮೇಲೆ ಓಡಿಸುತ್ತಿದ್ದರು. ಎರಡನೆಯ ಸೀಟನ್ನು ಬಿಚ್ಚಿ ಅಲ್ಲಿ ಯಂತ್ರ ಕೂರಿಸಿದರು. ಆ ವರ್ಷ ನೀಲಗಂಗಾ ಒಬ್ಬಳೇ ಹೊರಟಳು.

*

"ಪಪ್ಪಾ, ಎಳೀಬ್ಯಾಡ್ರಿ. ಮಮ್ಮಿ ಹಿಂಗ ಎಳೀತಿರಲಿಲ್ಲ."

ಶಾಲೆಯ ಒಂದನೇ ಇಯತ್ತೆಯಲ್ಲಿದ್ದ ಇಂಚರಾಳ ಜಡೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಬರುತ್ತಿತ್ತು. ಒಲೆಯ ಮೇಲೆ ಉಪ್ಪಿಟ್ಟು ತಳ ಹಿಡಿಯುತ್ತಿತ್ತು. ಸಂಗಮನಾಥ ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡೇ ಹೋಗಿ ಗ್ಯಾಸ್ ಆರಿಸಿ ಬಂದ.

ಅಡುಗೆಮನೆಯ ಫ್ರಿಜ್ಜಿನ ಮೇಲೆ ಒಂದು ಮುಳ್ಳು ಇತ್ತು. ಬೂಟಿನ ಡಬ್ಬಿಯ ಮುಚ್ಚಳಕ್ಕೆ ಅರ್ಧಚಂದ್ರ ಬರೆದು, ನಡುವೆ ಐಸ್‌ಕ್ರೀಮ್ ಕಡ್ಡಿಯನ್ನು ಗುಂಡುಪಿನ್ನಿನಿಂದ ಚುಚ್ಚಿದ್ದು. ಕಳೆದ ವರ್ಷ ಇಂಚರಾಳೇ ಮಾಡಿದ್ದಳು. ದಿನಾ ಬೆಳಿಗ್ಗೆ ಅವನು ಫೋನಿನಲ್ಲಿ ಎಮ್ಮೆಯ ಟ್ಯಾಂಕ್ ನೋಡಿ ಹೇಳುವುದು, ಅವಳು ಕುರ್ಚಿ ಹತ್ತಿ ಕಡ್ಡಿ ಸರಿಸುವುದು. ಕಳೆದ ವರ್ಷ ಅದು ಸಣ್ಣಗೆ ಇಳಿಯುತ್ತಾ ಅರ್ಧಕ್ಕೆ ಬಂದ ದಿನ ಅವಳು ಕೇರಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಳು. ಅರ್ಧ ಅಂದರೆ ಮಮ್ಮಿ ತಿರುಗಿದಳು ಅಂತ.

ಈ ವರ್ಷ ಕಡ್ಡಿ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

"ಇವತ್ತು?"

"ಮುಕ್ಕಾಲಿಗಿಂತ ಮ್ಯಾಲೆ."

"ಮೊನ್ನಿ ಕೆಳಗ ಬಂದಿತ್ತಲ್ಲ?"

"ನಿಂತಿದ್ಲವಾ. ತುಂಬಿಕೊಂತು."

ಇಂಚರಾ ಕುರ್ಚಿಯ ಮೇಲೆ ನಿಂತೇ ಯೋಚಿಸಿದಳು. "ಹಂಗಾರ ಇನ್ನ ಅರ್ಧಕ್ಕ ಬರೂದ ಇಲ್ಲೇನು?"

"ಬರಬಾರದು ಅಂತನ ಮೆಲುಕು ಮಾಡಿದ್ದು."

"ಯಾರು ಮಾಡಿದ್ದು?"

"ನಾನ."

ಅವಳು ಅವನನ್ನೊಮ್ಮೆ ನೋಡಿದಳು. ಕುರ್ಚಿ ಇಳಿದು, ತಳ ಹಿಡಿದ ಉಪ್ಪಿಟ್ಟು ತಿನ್ನಲು ಕೂತಳು. ಮರುದಿನದಿಂದ ಕಡ್ಡಿ ಸರಿಸಲು ತಾನಾಗಿ ಕುರ್ಚಿ ಹತ್ತಲಿಲ್ಲ. ಅವನು ಕರೆದರೆ ಬರುತ್ತಿದ್ದಳು, ಹೇಳಿದಲ್ಲಿಗೆ ಸರಿಸಿ ಹೋಗುತ್ತಿದ್ದಳು, ಶಾಲೆಯಲ್ಲಿ ಟೀಚರ್ ಹೇಳಿದ ಕೆಲಸ ಮಾಡುವ ಹಾಗೆ.

*

ಹಿಮದ ಆಚೆಯಿಂದ ಮಾತು ಉಪಗ್ರಹ ಹತ್ತಿ ಇಳಿದು ಬರಲು ಎರಡು ಕ್ಷಣ ಬೇಕಾಗುತ್ತಿತ್ತು. ಆ ಎರಡು ಕ್ಷಣ ಸುಮ್ಮನಿರಲು ಕಂಟ್ರೋಲ್ ರೂಮಿನ ಎಲ್ಲರೂ ಕಲಿತಿದ್ದರು.

"ಎಮ್ಮಿ, ಕೇಳಸ್ತೈತೇನು?" ಎಂದ ಸಂಗಮನಾಥ.

"...ಕೇಳಸ್ತೈತ್ರಿ. ಮುಳ್ಳು ತುಂಬೇತಿ. ತಡೀರಿ, ಕಡ್ಡಿ ಹಾಕ್ತೀನಿ."

ಕಡ್ಡಿ ಅವಳ ಅಪ್ಪನದು. ಅಂಕೋಲಾ ಘಾಟಿನಲ್ಲಿ ಅದಿರಿನ ಲಾರಿ ಓಡಿಸಿದವರು ಅವರು. ಆ ಲಾರಿಯ ಮುಳ್ಳು ಯಾವತ್ತೂ ಒಂದೇ ಕಡೆ ಸಿಕ್ಕಿಕೊಂಡಿರುತ್ತಿದ್ದರಿಂದ, ಬಿದಿರಿನ ಕಡ್ಡಿಗೆ ಚಾಕುವಿನಿಂದ ಗೆರೆ ಕೊರೆದು ಟ್ಯಾಂಕಿಗೆ ಇಳಿಸಿ ನೋಡುತ್ತಿದ್ದರಂತೆ. ಅದೇ ಬಿದಿರಿಗೆ ಎಮ್ಮೆಯ ಅಳತೆಯ ಹೊಸ ಗೆರೆ ಕೊರೆದುಕೊಂಡು ನೀಲಗಂಗಾ ಒಯ್ದಿದ್ದಳು. ಮೊದಮೊದಲು ಕೇಂದ್ರದ ಹುಡುಗರು ನಕ್ಕರು. ಒಂದು ವರ್ಷ ಚಳಿಗೆ ಮುಳ್ಳು ತಪ್ಪು ತೋರಿಸಿ ಕಡ್ಡಿ ಸರಿ ಹೇಳಿದ ಮೇಲೆ, ನಿರ್ದೇಶಕಿ ಜಮಖಂಡಿ ಮೇಡಂ ಅದನ್ನು ನಿಯಮವೇ ಮಾಡಿದರು. ಮುಚ್ಚಳ ತೆಗೆದರೆ ಹಿಮ ಬೀಳುತ್ತದಾದ್ದರಿಂದ ದಿನಾ ಅಲ್ಲ. ನಿಂತ ಜಾಗದಿಂದ ಹೊರಡುವ ಮುಂಚೆ ಒಮ್ಮೆ ಕಡ್ಡಿ ಹಾಕಿ, ಮುಳ್ಳಿನ ಜೊತೆ ಅದನ್ನೂ ಹೇಳಬೇಕು.

ಮುಳ್ಳು ಕೂಡ ಅಂದಿನಿಂದ ತಪ್ಪಲಿಲ್ಲ. ಚಳಿ ಎಷ್ಟಿದ್ದರೆ ಎಷ್ಟು ತಿದ್ದಬೇಕೆಂಬ ಸಂಖ್ಯೆಯನ್ನು ಸಂಗಮನಾಥ ದಿನಾ ಹುಬ್ಬಳ್ಳಿಯಿಂದ ಗಾಡಿಯ ಮುಳ್ಳಿಗೆ ಕಳಿಸುತ್ತಿದ್ದ. ಆ ಸಂಖ್ಯೆ ಸರಿಯೇ ಎಂದು ಕೇಳುವವರು ಇರಲಿಲ್ಲ. ಮುಳ್ಳು ಹೇಳಿದ್ದನ್ನೇ ಕಡ್ಡಿಯೂ ಹೇಳುತ್ತಿತ್ತು. ಎಷ್ಟೆಂದರೆ, ಅವಳು ಕಡ್ಡಿಯ ಮಾತು ಆಡುವಾಗ ಅವನ ಕಿವಿ ಅವಳ ದನಿಯನ್ನಷ್ಟೇ ಕೇಳುತ್ತಿತ್ತು. ಶೀತವಾಗಿದೆಯೇ, ನಿದ್ದೆ ಆಗಿದೆಯೇ ಎಂದು.

"...ಕಡ್ಡೀನೂ ತುಂಬೇತಿ. ಹೊರಡ್ತೀನಿ. ಬಾಜೂ ಸೀಟಿನ್ಯಾಗ ನಿಮ್ಮ ಮೆಲುಕಿನ ಡಬ್ಬಿ ಮೂರು ದಿನದಿಂದ ಗೊರಕಿ ಹೊಡದು ಈಗ ಸುಮ್ಮನಾತು ನೋಡ್ರಿ. ಮಾತಂತೂ ಇಲ್ಲ, ಗೊರಕಿ ಒಂದ. ನಿಮ್ಮಂಗ."

ಹುಡುಗರು ನಕ್ಕರು. ಅವನೂ ನಕ್ಕ.

ಕರೆ ಮುಗಿದ ಮೇಲೆ ಜಮಖಂಡಿ ಮೇಡಂ ಅವನನ್ನು ಗೋಡೆಯ ನಕಾಶೆಯ ಹತ್ತಿರ ಕರೆದರು.

"ಸಂಗಮನಾಥ, ಕೆರಿ ಮುಟ್ಟಿದ ಮ್ಯಾಲೆ ವಾಪಸ್ ಯಾಕ ಬರಬೇಕು ಅಂತಾರ ಮ್ಯಾಲಿನವರು. ಆ ಕಡೀ ಸಮುದ್ರದ ದಂಡಿ ಅಲ್ಲಿಂದ ಹತ್ರ ಅದ. ಇಂಧನದ ಚಿಂತಿ ಇಲ್ಲ. ಅಲ್ಲಿ ನಮ್ಮ ಇನ್ನೊಂದು ಠಾಣೆ ಅದ. ಮುಟ್ಟೂದರಾಗ ಸೂರ್ಯ ಮುಳಗತಾನ. ಚಳಿಗಾಲ ಅಲ್ಲೇ ಕಳೆದು, ಮುಂದಿನ ವರ್ಷ ಹಡಗಿನ್ಯಾಗ ಬರಬಹುದು."

"ಮುಂದಿನ ವರ್ಷ?"

"ದಾರ್ಯಾಗ ಇಂಧನ ತುಂಬಿಸ್ಕೊಳ್ಳದೇ ಇಡೀ ಖಂಡ ದಾಟಿದ ಮೊದಲನೇ ಗಾಡಿ ಆಗ್ತದ. ನಿಮ್ಮ ಯಂತ್ರಕ್ಕ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ." ಮೇಡಂ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು. "ಒತ್ತಾಯ ಏನಿಲ್ಲ. ಆಕೀ ಇಷ್ಟ. ನಾ ಕೇಳಿದೆ, ಕೆರಿ ಮುಟ್ಟಿ ಹೇಳ್ತೀನಿ ಅಂದ್ಲು. ನೀವ ಒಮ್ಮೆ ಕೇಳ್ರಿ. ಮನಿಯವರು ಕೇಳಿದ್ರ ಬ್ಯಾರೇನ ಇರ್ತದ."

"ಕೇಳ್ತೀನ್ರಿ ಮೇಡಂ."

ಆ ವಾರ ಅವನು ಅವಳೊಂದಿಗೆ ಎರಡು ಸಲ ಮಾತಾಡಿದ. ಗಾಳಿ ಹೇಗಿದೆ ಎಂದು ಕೇಳಿದ. ಪುಡಿಯ ಡಬ್ಬಿ ಬಿಸಿಯಾಗುತ್ತಿದೆಯೇ ಎಂದು ಕೇಳಿದ. ಇಂಚರಾ ಮುಂದಿನ ಹಲ್ಲು ಬೀಳಿಸಿಕೊಂಡದ್ದನ್ನು ಹೇಳಿದ. ಎರಡು ಸಲವೂ ನಾಲಿಗೆಯ ತುದಿಗೆ ಬಂದ ಪ್ರಶ್ನೆ ಅಲ್ಲೇ ನಿಂತಿತು. ಮದುವೆಯಾದಾಗಿನಿಂದ ಅವಳನ್ನು ಹೋಗಬೇಡ ಎಂದವನಲ್ಲ ಅವನು. ಅದು ಅವನ ಹೆಮ್ಮೆ. ಬಾ ಎಂದೂ ಅಂದಿರಲಿಲ್ಲ. ಆ ಕೆಲಸವನ್ನು ಟ್ಯಾಂಕ್ ಮಾಡುತ್ತಿತ್ತು. ಈಗ ವಾಪಸು ಬರುತ್ತೀಯಾ ಎಂದು ಕೇಳಿ, ಅವಳು ಇಲ್ಲ ಎಂದುಬಿಟ್ಟರೆ? ಆ ಎರಡು ಕ್ಷಣ ಕಾಯುವುದು ಅವನಿಂದ ಆಗುವ ಹಾಗಿರಲಿಲ್ಲ.

ನಕಾಶೆಯ ಮೇಲೆ ಲೆಕ್ಕ ಸರಳವಾಗಿತ್ತು. ಕೆರೆಯ ಈಚೆ ಇರುವ ತನಕ ಬಂದ ದಾರಿಯೇ ಹತ್ತಿರ. ಕೆರೆ ದಾಟಿದರೆ ಆ ಕಡೆಯ ಸಮುದ್ರದ ದಂಡೆ ಹತ್ತಿರ. ಆಮೇಲೆ ಟ್ಯಾಂಕ್ ಅರ್ಧವಾದರೂ ಅವಳು ಮುಂದಕ್ಕೇ ಹೋಗಬೇಕು. ಅವಳು ತಿರುಗುವುದಿದ್ದರೆ ಕೆರೆಗಿಂತ ಮೊದಲೇ ತಿರುಗಬೇಕು.

*

ಕೆರೆ ಇನ್ನೊಂದು ಹಗಲ ದಾರಿಯಿರುವಾಗ ಎಮ್ಮೆ ಕೊನೆಯ ಸಲ ಮೆಲುಕಿಗೆ ನಿಂತಿತು. ಟ್ಯಾಂಕ್ ಅರ್ಧಕ್ಕಿಂತ ತುಸು ಮೇಲಿತ್ತು. ಮೂರು ದಿನ ನಿಂತರೆ ತುಂಬುತ್ತಿತ್ತು.

ಮೊದಲ ದಿನ ಸಂಗಮನಾಥ ತಿದ್ದುವ ಸಂಖ್ಯೆಯನ್ನು ತುಸು ಬದಲಿಸಿ ಕಳಿಸಿದ. ಟ್ಯಾಂಕಿನಲ್ಲಿ ಇಂಧನ ಏರಿತು, ಮುಳ್ಳು ಏರಲಿಲ್ಲ. ಎರಡನೆಯ ದಿನ ಇನ್ನಷ್ಟು. ಪರದೆಯ ಮುಂದೆ ಹುಡುಗರು ಗುಂಪಾದರು. ಮೆಲುಕು ದಣಿಯಿತೇ? ಪುಡಿಗೆ ಚಳಿ ಹಿಡಿಯಿತೇ? ಎಲ್ಲರೂ ಅವನ ಮುಖ ನೋಡಿದರು. "ಇರಬಹುದು" ಎಂದ. ಮೂರನೆಯ ದಿನ ಬೆಳಿಗ್ಗೆ ಮುಳ್ಳು ಸರಿಯಾಗಿ ಅರ್ಧದ ಮೇಲೆ ಬಂದು ಕೂತಿತು. ಬರುವ ದಾರಿ ಇಳಿಜಾರು, ಅಷ್ಟರಲ್ಲಿ ಠಾಣೆ ಮುಟ್ಟಬಹುದಿತ್ತು.

ಮನೆಯಲ್ಲಿ ಅವನು ಹೇಳಿದ್ದನ್ನು ಇಂಚರಾ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಕುರ್ಚಿ ಎಳೆದು ತಂದು ಹತ್ತಿ, ಕಡ್ಡಿಯನ್ನು ಅರ್ಧಕ್ಕೆ ಇಟ್ಟು, ಇಳಿಯದೆ ಅಲ್ಲೇ ನಿಂತು ನೋಡುತ್ತಿದ್ದಳು. ಬಿದ್ದ ಹಲ್ಲಿನ ಜಾಗ ಕಾಣುವಷ್ಟು ನಕ್ಕಿದ್ದಳು. ಅವತ್ತು ಅವಳ ಎರಡೂ ಜಡೆ ಸಮನಾಗಿ ಬಂದವು.

ಮಧ್ಯಾಹ್ನ ಕರೆ ಬಂತು. ಜಮಖಂಡಿ ಮೇಡಂ ಅವನ ಬೆನ್ನ ಹಿಂದೆಯೇ ನಿಂತಿದ್ದರು.

"...ಮುಳ್ಳು ಅರ್ಧ ತೋರಸಾಕತ್ತೈತ್ರಿ," ನೀಲಗಂಗಾಳ ದನಿ ಬಂತು. ದನಿಯಲ್ಲಿ ಏನೂ ಇರಲಿಲ್ಲ. "ಡಬ್ಬಿ ಅಂತೂ ಮೂರು ದಿನ ಗೊರಕಿ ಹೊಡದೈತಿ. ಯಾಕ ಹಿಂಗ?"

"ಪುಡಿ ಕೆಲಸ ಮಾಡವಲ್ದು ಅನಸ್ತೈತಿ," ಎಂದ ಸಂಗಮನಾಥ.

"...ಹೂಂ. ತಡೀರಿ, ಕಡ್ಡಿ ಹಾಕ್ತೀನಿ."

ಅವನ ಕೈ ಮೇಜಿನ ಮೇಲೆ ಹಾಗೇ ನಿಂತಿತು.

ಕಡ್ಡಿ. ಅದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಇಷ್ಟು ವರ್ಷ ಅದೇ ಮಾತು ಕೇಳಿ ಕೇಳಿ, ಆ ಮಾತು ಅವನ ಕಿವಿಯಿಂದ ಉದುರಿ ಹೋಗಿತ್ತು. ಸ್ಪೀಕರಿನಲ್ಲಿ ಬಾಗಿಲು ತೆರೆದ ಸದ್ದು, ಗಾಳಿ, ಹಿಮದ ಮೇಲೆ ಬೂಟಿನ ಸದ್ದು. ಟ್ಯಾಂಕಿನ ಮುಚ್ಚಳದ ತಿರುವು. ಆಮೇಲೆ ಬಿದಿರು ತಗಡಿಗೆ ತಾಗಿ ಒಳಗಿಳಿದ ಸದ್ದು. ಅವಳು ಈಗ ಅದನ್ನು ಮೇಲೆತ್ತುತ್ತಾಳೆ. ಅದು ಕುತ್ತಿಗೆಯ ತನಕ ತೊಯ್ದಿರುತ್ತದೆ. ಅವಳು ಹೇಳುತ್ತಾಳೆ. ಮೇಡಂ ಕೇಳುತ್ತಾರೆ. ಮುಳ್ಳನ್ನು ತಿದ್ದುವವನು ಲೋಕದಲ್ಲಿ ಒಬ್ಬನೇ.

ಗಾಳಿಯ ಸದ್ದೊಂದೇ ಬರುತ್ತಿತ್ತು. ಎರಡು ಕ್ಷಣ ಕಳೆದವು. ಇನ್ನೂ ಕಳೆದವು.

"ಸಂಪರ್ಕ ಹೋತೇನು?" ಎಂದರು ಮೇಡಂ.

"...ಇಲ್ಲ ಮೇಡಂ, ಇದ್ದೀನಿ," ಎಂದಳು ನೀಲಗಂಗಾ. ಮತ್ತೆ ಗಾಳಿ. "ಕಡ್ಡೀನೂ ಅರ್ಧ ಐತ್ರಿ."

ಕೋಣೆಯಲ್ಲಿ ಯಾರೋ ಉಸಿರು ಬಿಟ್ಟರು.

"...ತಿರಗತೀನಿ."

ಪರದೆಯ ಮೇಲೆ ಚುಕ್ಕೆ ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ತಿರುಗಿತು. ಸಂಗಮನಾಥ ಎದ್ದು ಹೋಗಿ ಚಹಾ ತೆಗೆದುಕೊಂಡ. ಗ್ಲಾಸು ಕೈಯಲ್ಲಿ ಹಿಡಿದು ಗಿರಣಿಯ ಅಂಗಳದಲ್ಲಿ ನಿಂತಿದ್ದ. ಕುಡಿಯಲಾಗಲಿಲ್ಲ. ಕೆನೆ ಕಟ್ಟಿದ ಮೇಲೆ ಚೆಲ್ಲಿದ.

*

ಅವಳು ಬರುವುದರೊಳಗೆ ಕೇಂದ್ರದಲ್ಲಿ ತೀರ್ಮಾನ ಆಗಿಹೋಯಿತು. ದೂರದ ಚಳಿಯಲ್ಲಿ ಮೆಲುಕು ನಂಬಿಕೆಗೆ ಅರ್ಹವಲ್ಲ. ಯಂತ್ರ ಬಿಚ್ಚಿ, ಎರಡನೆಯ ಸೀಟು ಮತ್ತೆ ಕೂರಿಸುವುದು. ಅರ್ಧ ಟ್ಯಾಂಕಿನ ನಿಯಮವೇ ಮುಂದುವರಿಯುವುದು. ಜಮಖಂಡಿ ಮೇಡಂ ಅವನ ಭುಜದ ಮೇಲೆ ಕೈಯಿಟ್ಟು, "ನಿಮ್ಮ ತಪ್ಪಲ್ಲ ಬಿಡ್ರಿ," ಅಂದಾಗ ಅವನು ಹೂಂ ಎಂದ. ವರ್ಕ್‌ಶಾಪಿನಲ್ಲಿ ತನ್ನ ನಕ್ಷೆಗಳನ್ನು ಸುತ್ತಿ ಕಪಾಟಿಗೆ ಇಟ್ಟ. ವರ್ಷವಿಡೀ ಒಂದು ಪ್ರಶ್ನೆಯ ಜೊತೆ ಸಂಸಾರ ಮಾಡಿದವನಿಗೆ ಸಂಜೆ ಐದಕ್ಕೆ ಏನು ಮಾಡಬೇಕೆಂದು ತಿಳಿಯದೆ ಹೋಯಿತು.

ನೀಲಗಂಗಾ ಶಿವರಾತ್ರಿಗೆ ಎರಡು ದಿನ ಮುಂಚೆ ಬಂದಳು. ಮೂಗು, ಕೆನ್ನೆ ಕರಿಗಟ್ಟಿದ್ದವು. ಇಂಚರಾ ಅವಳ ಕೊರಳಿಗೆ ಬಿದ್ದವಳು ಇಳಿಯಲೇ ಇಲ್ಲ. ಜಳಕದ ಮನೆಯ ಬಾಗಿಲಲ್ಲಿ ಕೂತು ಒಳಗಿದ್ದವಳೊಂದಿಗೆ ಮಾತಾಡಿದಳು. ನೀಲಗಂಗಾ ಎಲ್ಲದಕ್ಕೂ ಉತ್ತರ ಕೊಟ್ಟಳು. ಊಟ ಮಾಡಿದಳು. ನಿದ್ದೆ ಮಾಡಿದಳು. ನಡುನಡುವೆ, ಕಿಟಕಿಯ ಕಡೆ ಮುಖ ಮಾಡಿ ಸುಮ್ಮನೆ ನಿಂತುಬಿಡುತ್ತಿದ್ದಳು. ದೂರದ ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಅವಳ ತಲೆ ಒಂದು ಕಡೆ ವಾಲಿರುತ್ತಿತ್ತು. ಕರೆದರೆ ತಿರುಗುತ್ತಿದ್ದಳು. ಬಿದಿರಿನ ಕಡ್ಡಿ ಬಾಗಿಲ ಮೂಲೆಯಲ್ಲಿ ಛತ್ರಿಯ ಪಕ್ಕ ಒರಗಿತ್ತು.

ಮೂರನೆಯ ದಿನ ಸಂಜೆ ಸಂಗಮನಾಥ ಚಪಾತಿ ಲಟ್ಟಿಸುತ್ತಿದ್ದ. ಇಂಚರಾ ಹೊರಗೆ ಆಡುತ್ತಿದ್ದಳು. ನೀಲಗಂಗಾ ಬಂದು ಕಟ್ಟೆಗೆ ಒರಗಿ ನಿಂತಳು.

"ಇದು ಯಾವ ದೇಶದ ನಕಾಶಿ ರೀ?"

"ಬೇಯಿಸಿದ್ರ ದುಂಡಗಾಗತೈತಿ."

"ಆಗೂದಿಲ್ಲ." ಅವಳು ಹಂಚಿನ ಮೇಲಿನದನ್ನು ಬರಿಗೈಯಿಂದ ಮಗುಚಿದಳು. ಆಮೇಲೆ ಅಂದಳು: "ಬರೂ ದಾರಿ ತುಂಬ ಹೀಟರ್ ಹಚ್ಚಿದ್ದೆ. ಹಗಲೂ ರಾತ್ರಿ. ಹಿಮದ ಮ್ಯಾಲೆ ಅಷ್ಟು ಬೆಚ್ಚಗ ನಾ ಎಂದೂ ಮಲಗಿಲ್ಲ. ಇಲ್ಲಾಂದ್ರ ಠಾಣೆದಾಗ ಟ್ಯಾಂಕ್ ನೋಡಿದವರು ಕೇಳ್ತಿದ್ರು, ಇಷ್ಟು ಹೆಂಗ ಉಳೀತು ಅಂತ."

ಲಟ್ಟಣಿಗೆ ನಿಂತಿತು.

"ಕುತ್ತಿಗಿತನ ತೊಯ್ದಿತ್ರಿ ಕಡ್ಡಿ."

"ಗೊತ್ತು."

"ಕೆರಿ ಒಂದ ದಿನದ ದಾರಿ ಇತ್ತು." ಅವಳ ದನಿ ಏರಲಿಲ್ಲ. "ಕಡ್ಡಿ ಹಿಡಕೊಂಡು ನಿಂತೆ. ಮೊದ್ಲ ಮುಳ್ಳ ಕೆಟ್ಟೈತಿ ಅನಕೊಂಡೆ. ಆಮ್ಯಾಲೆ ತಿಳೀತು. ಸಿಟ್ಟು ಬಂತು. ಅದ ಆದ್ಮ್ಯಾಲೆ, ಈ ಮನಷಾ ಇಷ್ಟು ಮಾಡಬೇಕಾದ್ರ ಅಲ್ಲಿ ಹೆಂಗಿದ್ದಾನು ಅನಸ್ತು. ಖರೇ ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು. ಬಾ ಅಂತ ಒಂದ ಮಾತು ಅನ್ನಬೇಕಾಗಿತ್ರಿ ನೀವು."

"ಅಂದಿದ್ರ ಬರ್ತಿದ್ದೀಯೇನು?"

ಅವಳು ಯೋಚಿಸಿದಳು. ಹಂಚಿನ ಮೇಲಿನ ಚಪಾತಿಯಿಂದ ಹೊಗೆ ಏಳತೊಡಗಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

"ಗೊತ್ತಿಲ್ಲ," ಎಂದಳು. "ಕೇಳಿದ್ರ ಗೊತ್ತಾಗ್ತಿತ್ತು."

ಸಂಗಮನಾಥ ಗ್ಯಾಸ್ ಆರಿಸಿದ. ಹಿಟ್ಟಿನ ಕೈಯನ್ನು ಒರೆಸಿಕೊಳ್ಳಲಿಲ್ಲ.

"ನೀಲಾ, ಕೆರಿಗೆ ಮತ್ತ ಹೋಗಬೇಕು ಅನಸ್ತೈತೇನು?"

ಕೇಳಿದ ಮೇಲೆ ಅವನು ರೂಢಿಯಂತೆ ಎರಡು ಕ್ಷಣ ಕಾದ. ಅವಳು ಒಂದು ಮೊಳ ದೂರದಲ್ಲಿ ನಿಂತಿದ್ದಳು. ಆ ಎರಡು ಕ್ಷಣದಲ್ಲಿ ಬೀದಿಯಲ್ಲಿ ಮಕ್ಕಳ ಕೂಗು ಕೇಳಿತು, ನಲ್ಲಿಯಿಂದ ಒಂದು ಹನಿ ಬಿತ್ತು.

"ಹೂಂ," ಎಂದಳು ನೀಲಗಂಗಾ. "ದಿನಾ ಅನಸ್ತೈತಿ."

ಅವನು ತಲೆಯಾಡಿಸಿದ.

ಹೊರಗಿನಿಂದ ಬಂದ ಇಂಚರಾ ನೀರು ಕುಡಿಯಲು ಫ್ರಿಜ್ಜಿನ ಬಾಗಿಲು ತೆಗೆದಳು. ಮೇಲಿದ್ದ ಮುಳ್ಳು ಅಲುಗಿತು. ಕಡ್ಡಿ ಇನ್ನೂ ಅರ್ಧದಲ್ಲೇ ಇತ್ತು. ಮಮ್ಮಿ ಬಂದ ಸಂಭ್ರಮದಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

"ಇದನ್ನ ಈಗ ಎಲ್ಲಿ ಇಡೂದು, ಪಪ್ಪಾ?"

ಸಂಗಮನಾಥ ಹೋಗಿ, ಹಿಟ್ಟು ಮೆತ್ತಿದ ಬೆರಳಿನಿಂದ ಐಸ್‌ಕ್ರೀಮ್ ಕಡ್ಡಿಯನ್ನು ಮೇಲಕ್ಕೆ ಸರಿಸಿದ. ಅರ್ಧ ದಾಟಿಸಿದ. ಮುಕ್ಕಾಲು ದಾಟಿಸಿದ. ಇನ್ನು ಸರಿಯದಲ್ಲಿಗೆ ತಂದು ಬಿಟ್ಟ.

"ತಪ್ಪು," ಎಂದಳು ಇಂಚರಾ. "ಮಮ್ಮಿ ಇಲ್ಲೇ ಅದಾಳ. ತುಂಬೇತಿ ಅಂತ ಯಾಕ ಇಟ್ರಿ?"

"ಅವತ್ತೂ ತುಂಬೇ ಇತ್ತವಾ," ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲಗಂಗಾಳ ಕಡೆ ನೋಡಲಿಲ್ಲ. "ನಾಳೆ ಮೇಡಮ್ಮರಿಗೂ ಹೋಗಿ ಹೇಳಬೇಕು."